ಎಡಗೈ ಅರದ ಗೆರೆಗಳು

"ದುಬೈಯಲ್ಲಿ ಎಂತ ಕೆಲಸ ಮಾಡ್ತಿದ್ರಿ?" ಎಂದು ಊರಿನ ಕಡೆಯವರು ಕೇಳಿದರೆ "ಆಫೀಸು ಕೆಲಸ" ಎಂದು ಹೇಳಿ ಮುಗಿಸುತ್ತೇನೆ. ನಿಜ ಹೇಳಿದರೆ ಅರ್ಧ ಗಂಟೆ ವಿವರಿಸಬೇಕು, ಆಮೇಲೂ ಯಾರೂ ನಂಬುವುದಿಲ್ಲ. ನಮ್ಮ ಕಂಪನಿ ಹಳೆಯ ಸೈನಿಕ ರೈಫಲ್‌ಗಳನ್ನು ಇಂಟರ್‌ನೆಟ್ಟಿನಲ್ಲಿ ಹರಾಜಿಗೆ ಇಡುತ್ತಿತ್ತು. ನಳಿಗೆ ಮುಚ್ಚಿ, ಗುಂಡು ಸಿಡಿಸುವ ಒಳಗಿನ ಮುಳ್ಳು ತೆಗೆದು, ಗುಂಡು ಹಾರದಂತೆ ಮಾಡಿದ ಬಂದೂಕುಗಳು. ಪರವಾನಗಿ ಇರುವ ಶ್ರೀಮಂತರು ಅವನ್ನು ಕೊಂಡು ಗೋಡೆಗೆ ತೂಗು ಹಾಕುತ್ತಿದ್ದರು. ಬಿಡ್ ಹಾಕುವವರಲ್ಲಿ ಕಳ್ಳರು ಯಾರು ಎಂದು ಕಂಡುಹಿಡಿಯುವುದು ನನ್ನ ಕೆಲಸ.

ಈಗ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮಗಳ ಮನೆಯ ಊಟದ ಮೇಜಿನ ಮುಂದೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಸೇರಿದ ನಮ್ಮ ಕಡೆಯ ಕೆಲವರು "ಜಲಜಕ್ಕ, ಎರಡು ಮಾತು ಬರೆದುಕೊಡಿ" ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. "ಅಮ್ಮಾ, ಸಿಟ್ಟಲ್ಲಿ ಬರೀಬೇಡಿ ಆಯ್ತಾ" ಎಂದಳು ಮಗಳು. ಸಿಟ್ಟು ಇಳಿಯಲಿ ಎಂದು ಎರಡು ವರ್ಷ ಕಾದೆ. ಇಳಿಯಲಿಲ್ಲ. ಇನ್ನು ಕಾಯುವುದಿಲ್ಲ.

ಯಾವಾಗ ಬಡ್ತಿ ಸಿಕ್ಕಿತು, ಯಾವ ಕ್ಯಾಬಿನ್ ಕೊಟ್ಟರು ಎಂಬುದೆಲ್ಲ ಬಿಡಿ. ಅದರಿಂದ ನಿಮಗೆ ಏನೂ ಆಗಬೇಕಾಗಿಲ್ಲ. ನಾನು ಮಲ್ಪೆಯ ಮೊಗವೀರರ ಮನೆಯವಳು. ಅಮ್ಮ ಬೆಳಿಗ್ಗೆ ಬಂದರಿಗೆ ಹೋಗಿ ಏಲಂನಲ್ಲಿ ಬುಟ್ಟಿ ಲೆಕ್ಕದಲ್ಲಿ ಬಂಗುಡೆ, ಬೂತಾಯಿ ಹಿಡಿದು ಉಡುಪಿಯ ಬೀದಿಗಳಲ್ಲಿ ಮಾರುತ್ತಿದ್ದಳು. ಶಾಲೆಗೆ ರಜೆ ಇದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ದಿನ ಒಬ್ಬ ಮನುಷ್ಯ ಎಲ್ಲರಿಗಿಂತ ಜೋರಾಗಿ ಕೂಗಿ ಕೂಗಿ ಬೆಲೆ ಏರಿಸುತ್ತಿದ್ದ. ಅಮ್ಮ ನನ್ನ ಕಿವಿಯಲ್ಲಿ, "ಅವ ಮೀನಿನ ಕಿವಿರು ಎತ್ತಿ ನೋಡ್ಲಿಲ್ಲ, ನೋಡಿದ್ಯಾ? ಅವ ಮೀನು ತಗೊಳ್ಳಿಕ್ಕೆ ಬಂದವ ಅಲ್ಲ, ದೋಣಿಯವರ ಜನ" ಎಂದಳು. ನನ್ನ ಮೂವತ್ತು ವರ್ಷದ ಕೆಲಸಕ್ಕೆ ಸಿಕ್ಕಿದ ತರಬೇತಿ ಅಷ್ಟೇ. ಉಳಿದದ್ದೆಲ್ಲ ಪವರ್‌ಪಾಯಿಂಟು.

ಮೊದಲು ರಾಸ್ ಅಲ್ ಖೋರ್‌ನಲ್ಲಿ ಹಳೆಯ ಕಾರುಗಳ ಹರಾಜು ಅಂಗಳದಲ್ಲಿ ಟೈಪಿಸ್ಟ್ ಆಗಿದ್ದೆ. ಕಾರು ಮಾರುವವನ ತಮ್ಮನೇ ಜನರ ನಡುವೆ ಚಹಾ ಹೀರುತ್ತ ನಿಂತು ಕೈ ಎತ್ತುತ್ತಿದ್ದ. ಬಾನೆಟ್ಟು ತೆರೆದು ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಅಂಥವರನ್ನು ನಾನು ಕಿಟಕಿಯಿಂದಲೇ ತೋರಿಸಿಬಿಡುತ್ತಿದ್ದೆ. ಆಮೇಲೆ ಯಜಮಾನರು ನಾಣ್ಯ, ಗಡಿಯಾರ, ಹಳೆಯ ರೈಫಲ್ ಎಂದು ಇಂಟರ್‌ನೆಟ್ಟಿಗೆ ಇಳಿದರು. ನನ್ನನ್ನೂ ಕುರ್ಚಿ ಸಮೇತ ಒಳಗೆ ಕೂರಿಸಿದರು. ಅಲ್ಲಿ ಮುಖ ಕಾಣುವುದಿಲ್ಲ, ಕೈ ಕಾಣುವುದಿಲ್ಲ. ಒಂದು ಹೆಸರು, ಒಂದು ಮೊತ್ತ, ಹೊತ್ತು. ಆದರೆ ಯಾರು ಯಾವ ಫೋಟೋ ತೆರೆದರು, ಎಷ್ಟು ಹೊತ್ತು ನೋಡಿದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಅದು ಗೊತ್ತಾದ ದಿನ ನನಗೆ ಬಂದರಿಗೆ ವಾಪಸ್ ಹೋದಷ್ಟು ಖುಷಿಯಾಯಿತು. ಕಿವಿರು ನೋಡದವರ ಪಟ್ಟಿ ಮಾಡಲು ಶುರು ಮಾಡಿದೆ.

ಹಾಗೆ ಸಿಕ್ಕಿಬಿದ್ದವರಲ್ಲಿ ಗಿಳಿಯ ಪ್ರಕರಣ ಹೇಳಿ ಮುಂದೆ ಹೋಗುತ್ತೇನೆ. ಒಂದು ಜರ್ಮನ್ ರೈಫಲ್‌ಗೆ ಮೂರು ಜನ ಜಿದ್ದಿಗೆ ಬಿದ್ದು ಬೆಲೆ ಏರಿಸುತ್ತಿದ್ದರು. ಮೂವರೂ ಒಂದೇ ಒಂದು ಫೋಟೋ ತೆರೆದಿರಲಿಲ್ಲ. ನಾನು ಮೂವರಿಗೂ ಫೋನ್ ಮಾಡಿದೆ. ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬರು ಹಿಂದಿಯಲ್ಲಿ, ಇನ್ನೊಬ್ಬರು ಮೂಗು ಹಿಡಿದುಕೊಂಡ ಹಾಗೆ ಮಾತಾಡಿದರು. ಮೂರೂ ಸಲ ಹಿಂದೆ ಅದೇ ಗಿಳಿ ಕಿರಿಚಿತು. "ಸರ್, ಗಿಳಿಗೆ ಕಾಳು ಹಾಕಿ, ಪಾಪ" ಎಂದು ಹೇಳಿ ಫೋನ್ ಇಟ್ಟೆ. ಮೂವರೂ ಒಬ್ಬರೇ, ರೈಫಲ್ ಮಾರಲು ಇಟ್ಟವರೇ ಅವರು.

ಗೆದ್ದದ್ದನ್ನು ಹೇಳಿದ ಮೇಲೆ ಸೋತದ್ದನ್ನೂ ಹೇಳಬೇಕು. ಒಂದು ಸಲ ಹದಿನಾಲ್ಕು ಜನರ ಖಾತೆಗಳಿಗೆ ಒಟ್ಟಿಗೆ ಬೀಗ ಹಾಕಿ ಅವರನ್ನು ಹೊರಗಿಟ್ಟೆ. ಎಲ್ಲರದ್ದೂ ಒಂದೇ ಪೋಸ್ಟ್ ಬಾಕ್ಸ್ ನಂಬರು, ಎಲ್ಲರ ಬಿಡ್ಡೂ ದೇರಾದ ಒಂದೇ ಫ್ಲಾಟಿನ ಇಂಟರ್‌ನೆಟ್ಟಿನಿಂದ ಬಂದದ್ದು. ಪರದೇಶದಿಂದ ತಂದ ನಮ್ಮ ಸಾಫ್ಟ್‌ವೇರು ಕೆಂಪಗಾಗಿ "ಕೂಟ, ಕೂಟ" ಎಂದು ಬಡಿದುಕೊಂಡಿತು. ಮರುದಿನ ಅವರಲ್ಲಿ ಏಳು ಮಂದಿ ಆಫೀಸಿಗೆ ಬಂದು ಸಾಲಾಗಿ ನಿಂತರು. ನೇಪಾಳದ ನಿವೃತ್ತ ಸೈನಿಕರು, ಇಲ್ಲಿ ಮಾಲ್‌ಗಳಲ್ಲಿ ಸೆಕ್ಯುರಿಟಿ. ಪೋಸ್ಟ್ ಬಾಕ್ಸ್ ಅವರ ಕಂಪನಿಯದ್ದು. ಒಂದೇ ಫ್ಲಾಟಿನಲ್ಲಿ ಇಪ್ಪತ್ತು ಮಂಚ, ಒಂದು ವೈಫೈ. ಅವರು ರೈಫಲ್‌ಗೆ ಬಿಡ್ ಹಾಕಿದ್ದೇ ಅಲ್ಲ. ರೈಫಲ್‌ಗಳ ಜೊತೆ ಮಾರಾಟಕ್ಕಿದ್ದ ಹಳೆಯ ಟೋಪಿಯ ಬಿಲ್ಲೆ, ಚರ್ಮದ ಪಟ್ಟಿಗಳಿಗೆ ಹಾಕಿದ್ದು. ಅವರಲ್ಲಿ ಹಿರಿಯರಾದ ಹವಾಲ್ದಾರರು ನನಗೆ ಸೆಲ್ಯೂಟ್ ಹೊಡೆದು "ಮೇಡಂ, ನಮ್ಮ ತಪ್ಪೇನು?" ಎಂದು ಕೇಳಿದಾಗ ನನಗೆ ಕುರ್ಚಿಯಡಿ ಹೋಗಬೇಕು ಅನ್ನಿಸಿತು. ಈ ದೇಶದಲ್ಲಿ ಮನೆ ಬಾಗಿಲಿಗೆ ಅಂಚೆಯವನು ಬರುವುದಿಲ್ಲ, ವಿಳಾಸ ಎಂದರೆ ಕೆಲಸ ಕೊಟ್ಟವರ ಪೆಟ್ಟಿಗೆ. ಇದು ಇಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ನನಗೂ ಗೊತ್ತಿತ್ತು. ಪರದೆ ಕೆಂಪಗಾದ ಕೂಡಲೇ ಗೊತ್ತಿದ್ದದ್ದನ್ನೂ ಮರೆತೆ. ಕ್ಷಮೆ ಕೇಳಿ ಬೀಗ ತೆಗೆದೆ, ಎಲ್ಲರಿಗೂ ಚಹಾ ಕೊಡಿಸಿದೆ.

ಅಲ್ಲಿಗೆ ಬುದ್ಧಿ ಬಂದಿದ್ದರೆ ಇಷ್ಟು ಬರೆಯುವ ಕೆಲಸ ಇರುತ್ತಿರಲಿಲ್ಲ.

ಆಮೇಲೆ ಬಂದದ್ದು ಸ್ಕೋರು. ಅದನ್ನು ಮಾಡಿದವನು ರೋಷನ್, ಕುಲಶೇಖರದ ಕೊಂಕಣಿ ಕ್ರಿಶ್ಚಿಯನ್ನರ ಮಗ, ಒಳ್ಳೆಯವನು, ಬುದ್ಧಿವಂತ. ಪ್ರತಿ ಬಿಡ್‌ದಾರನಿಗೂ ಸೊನ್ನೆಯಿಂದ ನೂರರವರೆಗೆ ಅಂಕ. ಎಂಬತ್ತು ದಾಟಿದರೆ ಸಂಶಯಾಸ್ಪದ. ಕೊನೆಯ ಗಳಿಗೆಯಲ್ಲಿ ಬಿಡ್ ಹಾಕಿದರೆ ಇಷ್ಟು ಅಂಕ, ಒಂದೇ ಮಾರಾಟಗಾರನ ಹಿಂದೆ ಬಿದ್ದರೆ ಇಷ್ಟು, ಹಾಕಿದ ಬಿಡ್ ವಾಪಸ್ ಪಡೆದರೆ ಎಲ್ಲಕ್ಕಿಂತ ಜಾಸ್ತಿ. ಫೋಟೋ ನೋಡಿದ್ದಕ್ಕೆ, ನೋಡದ್ದಕ್ಕೆ ಅಂಕವೇ ಇಲ್ಲ. "ಫೋಟೋದ್ದು ಹಾಕು ಮಾರಾಯ, ಅದೇ ಮುಖ್ಯ" ಎಂದೆ. "ಜಲಜಕ್ಕ, ಅದನ್ನೆಲ್ಲ ಹಾಕಿದ್ರೆ ಸಿಸ್ಟಮ್ ಸ್ಲೋ ಆಗ್ತದೆ. ನೆಕ್ಸ್ಟ್ ವರ್ಷನ್‌ನಲ್ಲಿ ನೋಡುವ" ಎಂದ. ನೆಕ್ಸ್ಟ್ ವರ್ಷನ್ ನಾನು ನಿವೃತ್ತಳಾಗುವವರೆಗೂ ಬರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಶ್ರೀವತ್ಸ, ಮೈಸೂರಿನವರು. ಅವರು ಯಾರಿಗೂ ಗದರಿದ್ದನ್ನು ನಾನು ಕೇಳಿಲ್ಲ. ಬೆಳಿಗ್ಗೆ ಎಲ್ಲರ ಫೋನಿಗೂ ಹೂವಿನ ಚಿತ್ರದ ಜೊತೆ ಶುಭೋದಯ. ಗದರುವ ಮೇಲಧಿಕಾರಿಗಳ ಕೆಳಗೂ ನಾನು ದುಡಿದಿದ್ದೇನೆ. ಒಬ್ಬ ಲೆಬನಾನಿನವರು ಫೈಲನ್ನೇ ಮುಖಕ್ಕೆ ಎಸೆಯುತ್ತಿದ್ದರು. ಆದರೆ ಎಸೆದ ಫೈಲಿನಲ್ಲಿ ತಪ್ಪು ಇರುತ್ತಿತ್ತು, ನಾನೇ ಹೆಕ್ಕಿಕೊಂಡು ಸರಿ ಮಾಡುತ್ತಿದ್ದೆ. ಶ್ರೀವತ್ಸರ ಕೈಯಿಂದ ಫೈಲು ಬೀಳುವುದೇ ಇಲ್ಲ. ಅದು ನಗುತ್ತ ನಿಮ್ಮ ಮೇಜಿಗೆ ಬರುತ್ತದೆ, ಸಹಿ ಹಾಕಿಸಿಕೊಂಡು ನಗುತ್ತ ಹೋಗುತ್ತದೆ.

ಹಾಗೆ ಬಂದದ್ದು ಗುಲ್ ರೆಹಮಾನರ ಫೈಲು.

ಅಬುಧಾಬಿಯಲ್ಲಿ ಒಬ್ಬ ಹಿರಿಯ ಅರಬರು ಹಳೆಯ ಬಂದೂಕುಗಳ ದೊಡ್ಡ ಸಂಗ್ರಹ ಇಟ್ಟುಕೊಂಡಿದ್ದರು. ಗುಲ್ ರೆಹಮಾನ್ ಹನ್ನೊಂದು ವರ್ಷದಿಂದ ಆ ಸಂಗ್ರಹ ನೋಡಿಕೊಳ್ಳುವ ಪಠಾಣ. ಎಣ್ಣೆ ಹಚ್ಚುವುದು, ಮರಕ್ಕೆ ಪಾಲಿಶ್ ಹಾಕುವುದು, ಅರ್ಬಾಬ್ ಅಂದರೆ ಯಜಮಾನರು ಬೇಕೆಂದದ್ದಕ್ಕೆ ಅವರ ಹೆಸರಿನಲ್ಲಿ ನಮ್ಮ ಹರಾಜಿನಲ್ಲಿ ಬಿಡ್ ಹಾಕುವುದು ಅವರ ಕೆಲಸ. ಆ ವರ್ಷ ಅವರು ನಾಲ್ಕು ಬಿಡ್ ವಾಪಸ್ ಪಡೆದಿದ್ದರು. ನಾಲ್ಕೂ ಒಂದೇ ಮಾರಾಟಗಾರನ ಇಂಗ್ಲಿಷ್ ರೈಫಲ್‌ಗಳ ಮೇಲೆ. ಸ್ಕೋರು ತೊಂಬತ್ತೊಂದು.

"ಜಲಜಾ ಅವರೇ, ಇದೊಂದು ಚಿಕ್ಕ ವಿಷಯ" ಎಂದರು ಶ್ರೀವತ್ಸ. "ಸೆಲ್ಲರ್ ಬಹಳ ಬೇಜಾರು ಮಾಡ್ಕೊಂಡಿದಾರೆ. ಬೆಲೆ ಏರಿಸಿ ಆಮೇಲೆ ಓಡಿಹೋಗೋದು ಅಂದ್ರೆ ಏನ್ ಹೇಳಿ? ಸ್ಕೋರಂತೂ ಬಂದಿದೆ. ನೀವೊಂದು ಸಹಿ ಮಾಡ್ಬಿಟ್ರೆ ಆಯ್ತು."

ನಾನು ಸಹಿ ಮಾಡಿದೆ. ಆ ದಿನ ಮೇಜಿನ ಮೇಲೆ ಅಂಥ ಇಪ್ಪತ್ತು ವರದಿಗಳಿದ್ದವು. ಮೂರು ವಾಕ್ಯ ಬರೆದೆ: ಈ ವ್ಯಕ್ತಿ ಉದ್ದೇಶಪೂರ್ವಕವಾಗಿ ಬಿಡ್ ಹಾಕಿ ವಾಪಸ್ ಪಡೆಯುತ್ತಾರೆ, ಇದು ಮೋಸದ ಲಕ್ಷಣ, ಇವರನ್ನು ನಿರ್ಬಂಧಿಸಬಹುದು. ವರದಿಯ ಒಂದು ಪ್ರತಿ ಅರ್ಬಾಬರ ಆಫೀಸಿಗೆ ಹೋಯಿತು. ಇನ್ನೊಂದು, ಹರಾಜು ಕಂಪನಿಗಳೆಲ್ಲ ಒಟ್ಟಾಗಿ ಇಟ್ಟುಕೊಂಡಿರುವ ಮೋಸಗಾರರ ಪಟ್ಟಿಗೆ ಹೋಯಿತು. ನಾನು ಮಧ್ಯಾಹ್ನದ ಊಟಕ್ಕೆ ಹೋದೆ.

ಎರಡು ವಾರದ ಮೇಲೆ ರಿಸೆಪ್ಶನ್‌ನಿಂದ ಫೋನ್ ಬಂತು. ಒಬ್ಬ ಪಠಾಣರು ಬೆಳಿಗ್ಗೆಯಿಂದ ಕುಳಿತಿದ್ದಾರೆ, ವರದಿ ಬರೆದವರನ್ನು ನೋಡದೆ ಏಳುವುದಿಲ್ಲ ಎನ್ನುತ್ತಾರೆ ಎಂದರು. ಗಲಾಟೆಗೆ ಬಂದವರು ಎಂದುಕೊಂಡು ನಾನೂ ಸೆರಗು ಬಿಗಿಮಾಡಿ ಇಳಿದೆ. ಐವತ್ತು ದಾಟಿದ, ಇಸ್ತ್ರಿ ಮಾಡಿದ ಬೂದು ಕಮೀಜಿನ ಮನುಷ್ಯ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟರು. ನಾವು ಮಾತಾಡಿದ್ದು ಹಿಂದಿಯಲ್ಲಿ.

"ಬೆಹೆನ್‌ಜೀ, ಅದರಲ್ಲಿ ಏನು ಬರೆದಿದೆ? ನನಗೆ ಯಾರೂ ಓದಿ ಹೇಳಲಿಲ್ಲ. ಅರ್ಬಾಬ್ ಮಾತು ಬಿಟ್ಟಿದ್ದಾರೆ. ಆಫೀಸಿನವರು ವೀಸಾ ಕ್ಯಾನ್ಸಲ್‌ಗೆ ಹಾಕಿದ್ದಾರೆ."

ನಾನು ಓದಿದೆ. ಮೂರು ವಾಕ್ಯ ಹಿಂದಿಯಲ್ಲಿ ಹೇಳಲು ಎಷ್ಟು ಹೊತ್ತು ಬೇಕು? ಅವರು ತಲೆ ತಗ್ಗಿಸಿ ಕೇಳಿದರು.

"ಆ ಬಂದೂಕುಗಳು ಇಂಗ್ಲಿಷ್ ಅಲ್ಲ" ಎಂದರು. "ನಮ್ಮ ಊರಿನವು. ಪೇಶಾವರದ ಆಚೆ ನಮ್ಮ ಬೀದಿಯಲ್ಲಿ ಮನೆ ಮನೆಯಲ್ಲೂ ಬಂದೂಕು ಮಾಡ್ತಾರೆ. ನಾಲ್ಕರಲ್ಲಿ ಒಂದು ನನ್ನ ಚಾಚಾ ಮಾಡಿದ್ದು."

ತಮ್ಮ ಫೋನಿನಲ್ಲಿ ನಮ್ಮದೇ ಫೋಟೋ ತೆರೆದು ಗುಂಡು ಹಾರಿಸಲು ಬೆರಳಲ್ಲಿ ಎಳೆಯುವ ಕುದುರೆಯ ಕೆಳಗಿನ ಕಬ್ಬಿಣದ ಬಳೆಯನ್ನು ದೊಡ್ಡದು ಮಾಡಿ ತೋರಿಸಿದರು. ಕಾರ್ಖಾನೆಯ ಯಂತ್ರ ಗೆರೆ ಬಿಡುವುದಿಲ್ಲ, ಅರದಿಂದ ಕೈಯಲ್ಲಿ ಉಜ್ಜಿದರೆ ಸಣ್ಣ ಗೆರೆಗಳು ಉಳಿಯುತ್ತವೆ ಎಂದರು. ಬಲಗೈಯವರ ಗೆರೆಗಳೆಲ್ಲ ಒಂದೇ ಕಡೆಗೆ ವಾಲುತ್ತವೆ. ಇದರಲ್ಲಿ ಅವು ತದ್ವಿರುದ್ಧ ವಾಲಿದ್ದವು. ಅವರ ಬೀದಿಯಲ್ಲಿ ಎಡಗೈಯಲ್ಲಿ ಅರ ಹಿಡಿಯುತ್ತಿದ್ದವರು ಚಾಚಾ ಒಬ್ಬರೇ. ಚಿಕ್ಕಂದಿನಲ್ಲಿ ಅವರ ಎದುರು ಕುಳಿತು ಕುಲುಮೆಯ ತಿದಿ ಒತ್ತುತ್ತಿದ್ದವರು ಗುಲ್ ರೆಹಮಾನ್.

"ಹಾಗಾದ್ರೆ ಮೊದಲೇ ಯಾಕೆ ಬಿಡ್ ಹಾಕಿದ್ರಿ?" ಎಂದು ಕೇಳಿದೆ.

"ಮೊದಲು ನೀವು ಹಾಕೋದು ದೂರದಿಂದ ತೆಗೆದ ಒಂದೇ ಫೋಟೋ. ಹತ್ತಿರದ ಫೋಟೋ ಕೊನೇ ದಿನ ಹಾಕ್ತೀರಿ. ನೋಡಿದೆ, ವಾಪಸ್ ತಗೊಂಡೆ. ಪ್ರತಿ ಸಲ ನಿಮ್ಮ ಕಂಪನಿಗೆ ಇ-ಮೇಲ್ ಬರೆಸಿ ಕಳಿಸಿದ್ದೇನೆ, ಇದು ನಕಲಿ, ಇಂಗ್ಲಿಷ್ ಅಂತ ಮಾರಬೇಡಿ ಅಂತ."

ಅಂಥ ಇ-ಮೇಲ್ ನಾನು ನೋಡಿರಲಿಲ್ಲ.

"ಕಬ್ಬಿಣದ ಬಗ್ಗೆ ಮಾತಾಡೋ ಮೊದಲು ನಾನು ಒಂದು ದಿನ ಪೂರ್ತಿ ನೋಡಿದೆ, ಬೆಹೆನ್‌ಜೀ. ನನ್ನ ಬಗ್ಗೆ ಬರೆಯೋ ಮೊದಲು ನೀವು ಎಷ್ಟು ಹೊತ್ತು ನೋಡಿದಿರಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಹೊರಡುವಾಗ ಅವರು ಕೇಳಿದ್ದು ಒಂದೇ: "ಕೆಲಸ ಹೋದರೆ ಹೋಗಲಿ. ಆ ಮೋಸ ಅನ್ನೋ ಮಾತು ತೆಗೀರಿ. ಅದನ್ನ ಹೊತ್ತುಕೊಂಡು ಊರಿಗೆ ಹೋಗೋಕೆ ಆಗಲ್ಲ." ವೀಸಾ ಮುಗಿಯಲು ಮೂರು ವಾರ ಇತ್ತು. ಅಲ್ಲಿಯವರೆಗೆ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಊರಿನವರ ಜೊತೆ ಮಲಗುತ್ತಿದ್ದರು.

ಮೇಲೆ ಹೋಗಿ ದಾಖಲೆ ತೆಗೆದೆ. ಆ ಬಳೆಯ ಫೋಟೋವನ್ನು ಅವರು ತೆರೆದು, ಮುಚ್ಚಿ, ಮತ್ತೆ ತೆರೆದು ಇಡೀ ದಿನ ನೋಡಿದ್ದರು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಹೊತ್ತು ಕಿವಿರು ಎತ್ತಿ ನೋಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅವರ ಫೈಲನ್ನು ನಾನು ಎಷ್ಟು ಹೊತ್ತು ತೆರೆದಿದ್ದೆ ಎಂಬುದೂ ದಾಖಲಾಗಿತ್ತು. ನಾಲ್ಕು ನಿಮಿಷಕ್ಕೂ ಕಡಿಮೆ. ಅಮ್ಮ ಬದುಕಿದ್ದರೆ ಮೀನಿನ ಬುಟ್ಟಿಯಿಂದಲೇ ಬಾರಿಸುತ್ತಿದ್ದಳು, ಬಾರಿಸಬೇಕಿತ್ತು.

ರೋಷನ್‌ನನ್ನು ಕರೆದು ಇ-ಮೇಲ್ ಹುಡುಕಿಸಿದೆ. ನಾಲ್ಕೂ ಬಂದಿದ್ದವು. ನಾಲ್ಕನ್ನೂ ಶ್ರೀವತ್ಸ ತೆರೆದು ಓದಿ ಬೇರೆ ಕಡೆ ಎತ್ತಿಟ್ಟಿದ್ದರು. ರೋಷನ್ ಎದ್ದು ಬಾಗಿಲು ಮುಚ್ಚಿದ. "ಜಲಜಕ್ಕ, ನಾನು ತೋರಿಸಿದ್ದೂಂತ ಹೇಳ್ಬೇಡಿ ಆಯ್ತಾ. ಫ್ಯಾಮಿಲಿ ಈಗಷ್ಟೇ ಬಂದದ್ದು" ಎಂದ. ಹೇಳಲಿಲ್ಲ. ಈಗ ಅವನು ಕೆನಡಾದಲ್ಲಿದ್ದಾನೆ, ಅದಕ್ಕೆ ಬರೆಯುತ್ತಿದ್ದೇನೆ.

ಶ್ರೀವತ್ಸರ ಕ್ಯಾಬಿನ್ನಿಗೆ ಹೋದೆ, ಬಾಗಿಲು ತಟ್ಟಲಿಲ್ಲ.

"ಆ ವರದಿ ವಾಪಸ್ ತಗೊಳ್ಬೇಕು. ಈಗಲೇ" ಎಂದೆ.

"ಕೂತ್ಕೊಳ್ಳಿ ಜಲಜಾ ಅವರೇ, ನೀರು ಕುಡೀರಿ ಮೊದ್ಲು."

"ನೀರು ಎಂತಕ್ಕೆ? ಆ ಮನುಷ್ಯ ನಿಜ ಹೇಳಿದ್ದಾರೆ, ನಿಮಗೆ ಗೊತ್ತುಂಟು. ಗೊತ್ತಿದ್ದೇ ನನ್ನ ಕೈಯಲ್ಲಿ ಸಹಿ ಹಾಕಿಸಿದ್ದು."

ಅವರು ಕನ್ನಡಕ ತೆಗೆದು ಒರೆಸಿದರು. "ನೋಡಿ, ವಾಪಸ್ ತಗೊಂಡ್ರೆ ಅರ್ಥ ಏನಾಗತ್ತೆ? ನಾವು ಮಾರಿದ್ದು ನಕಲಿ ಅಂತ ನಾವೇ ಒಪ್ಕೊಂಡ ಹಾಗೆ. ಆ ಸೆಲ್ಲರ್ ಹತ್ರ ಇನ್ನೂ ಎಷ್ಟು ಪೀಸ್ ಇದೆ ಗೊತ್ತಾ ನಿಮ್ಗೆ? ಪಠಾಣ್‌ಗಳಿಗೇನು, ಇನ್ನೊಂದು ಕಡೆ ಕೆಲಸ ಸಿಗತ್ತೆ. ಅದೂ ಅಲ್ದೆ, ವರದಿ ನಿಮ್ದು. ಸ್ಕೋರು ಸಿಸ್ಟಮ್‌ದು. ನಾನೆಲ್ಲಿ ಬಂದೆ ಇದ್ರಲ್ಲಿ?"

ಇವತ್ತಿಗೂ ಆ ಕೊನೆಯ ಮಾತು ನೆನಪಾದರೆ ನನ್ನ ಮೈ ಉರಿಯುತ್ತದೆ. ಅಷ್ಟು ಮೆತ್ತಗೆ ಹೇಳಿದರು! ನಮ್ಮಲ್ಲಿ ಮೀನಿಗೆ ಜಗಳವಾಡುವ ಹೆಂಗಸರ ಬಾಯಿ ಕೆಟ್ಟದ್ದು ಎಂದು ಉಳಿದವರು ಮೂಗು ಮುರಿಯುತ್ತಾರೆ. ಒಬ್ಬ ಮನುಷ್ಯನ ಹೆಸರು ಕೆಡಿಸಿ ಕನ್ನಡಕ ಒರೆಸುವ ಈ ಒಳ್ಳೆಯ ಬಾಯಿಗಿಂತ ಅವರ ಬಾಯಿ ನೂರು ಪಾಲು ಮೇಲು. ಆ ದಿನ ನಾನು ತುಳುವಿನಲ್ಲಿ ಏನೆಂದೆನೋ ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಅವರಿಗೆ ತುಳು ಬರುವುದಿಲ್ಲ, ಆದರೂ ಅರ್ಥವಾಯಿತು.

ಪಟ್ಟಿಯಿಂದ ಹೆಸರು ತೆಗೆಯಲು ನಾನೇ ನೋಡಿದೆ. ಹೆಸರು ಸೇರಿಸಲು ಒಂದು ಗುಂಡಿ ಇತ್ತು, ತೆಗೆಯಲು ಇರಲಿಲ್ಲ. ಕಂಪನಿಯ ಪರವಾಗಿ ಮುಖ್ಯಸ್ಥರು ಪತ್ರ ಬರೆಯಬೇಕು. ಮುಖ್ಯಸ್ಥರು ಎಂದರೆ ಶ್ರೀವತ್ಸ.

ಹಾಗಾದರೆ ನನ್ನ ಹೆಸರಿನಲ್ಲೇ ಬರೆಯುತ್ತೇನೆ ಎಂದು ನಿರ್ಧರಿಸಿದೆ. ವರದಿ ಬರೆದವಳು ನಾನು, ಅದು ತಪ್ಪು, ಗುಲ್ ರೆಹಮಾನ್ ನಿಮ್ಮನ್ನು ನಕಲಿ ಮಾಲಿನಿಂದ ಉಳಿಸಿದ್ದಾರೆ ಎಂದು ಅರ್ಬಾಬರಿಗೆ ಒಂದು ಪುಟ. ದೇರಾದ ಒಂದು ಟೈಪಿಂಗ್ ಸೆಂಟರಿನಲ್ಲಿ ಕುಳಿತು ಅದನ್ನು ಅರಬಿಗೆ ಮಾಡಿಸಿದೆ. ಟೈಪ್ ಮಾಡಿದವರು ಎರಡು ಸಲ "ಕಳಿಸ್ಬೇಕಾ ಮೇಡಂ, ಸತ್ಯ?" ಎಂದು ಕೇಳಿದರು. ಶನಿವಾರ ಅಬುಧಾಬಿಗೆ ಹೋದೆ. ಮಗಳು ಕಾರಿನಲ್ಲಿ ಅರ್ಬಾಬರ ಮನೆಯ ಗೇಟಿನವರೆಗೆ ಬಿಟ್ಟಳು. ಗುಲ್ ರೆಹಮಾನ್ ದುಬೈಯಿಂದ ಬಸ್ಸಿನಲ್ಲಿ ಬಂದು ಗೇಟಿನ ನೆರಳಿನಲ್ಲಿ ನಿಂತಿದ್ದರು. ಅದೇ ಬೂದು ಕಮೀಜು, ಮತ್ತೆ ಇಸ್ತ್ರಿ ಮಾಡಿಸಿದ್ದರು.

ಮಜ್ಲಿಸ್ ಅಂದರೆ ಬಂದವರನ್ನು ಕೂರಿಸುವ ದೊಡ್ಡ ಹಜಾರ. ನಾವು ಹೋದಾಗ ಅಲ್ಲಿ ಐದಾರು ಜನ ಹಿರಿಯ ಅತಿಥಿಗಳಿದ್ದರು. ಅದನ್ನು ಕಂಡಾಗಲೇ ನಾನು ಹಿಂದಿರುಗಬೇಕಿತ್ತು. ಇನ್ನೊಂದು ದಿನ, ಅರ್ಬಾಬರು ಒಬ್ಬರೇ ಇರುವಾಗ ಬರುತ್ತೇನೆ ಎನ್ನಬೇಕಿತ್ತು. ಮೂವತ್ತು ವರ್ಷ ಈ ದೇಶದ ಅನ್ನ ತಿಂದ ನನಗೆ ಅಷ್ಟು ತಿಳಿಯಬೇಡವೇ? ಆದರೆ ನಾನು ಸಿಟ್ಟಿನಲ್ಲಿದ್ದೆ, ನನ್ನ ಕೈಯಲ್ಲಿ ಸತ್ಯ ಇತ್ತು, ಅದು ನಾಲ್ಕು ಜನ ಕೇಳಲಿ ಎಂಬ ಆಸೆಯೂ ಇತ್ತು. ಬಂದರಿನಲ್ಲಿ ನ್ಯಾಯ ಆಗುವುದು ಎಲ್ಲರೆದುರು ಕೂಗಿ. ಇಲ್ಲೂ ಹಾಗೆಯೇ ಎಂದುಕೊಂಡೆ.

ಗಹ್ವಾ ಕಾಫಿ ಕೊಟ್ಟರು, ಖರ್ಜೂರ ಕೊಟ್ಟರು. ಅರ್ಬಾಬರಿಗೆ ಎಪ್ಪತ್ತೈದು ದಾಟಿರಬಹುದು. ಹಳೆಯ ಕಾಲದ ವ್ಯಾಪಾರಿಗಳಂತೆ ಹಿಂದಿ ಚೆನ್ನಾಗಿ ಮಾತಾಡುತ್ತಿದ್ದರು. ಪತ್ರವನ್ನು ಒಮ್ಮೆ ಓದಿದರು, ಮತ್ತೆ ಓದಿದರು. ಪಕ್ಕದಲ್ಲಿದ್ದವರು ಏನೆಂದು ಕೇಳಿರಬೇಕು, ಅವರು ಉತ್ತರಿಸಲಿಲ್ಲ. ನಾನು ತಡೆಯಲಾರದೆ ನಾನೇ ಹೇಳಿಬಿಟ್ಟೆ: "ನಮ್ಮ ಕಂಪನಿ ಮಾರಿದ ಆ ರೈಫಲ್‌ಗಳು ನಕಲಿ. ಗುಲ್ ರೆಹಮಾನ್ ಹೇಳಿದ್ದೇ ನಿಜ."

ಹಜಾರದಲ್ಲಿ ಮಾತು ನಿಂತಿತು. ಆಗ ನನಗೆ ಗೋಡೆ ಕಂಡಿತು. ನಡುವೆ, ಹಿತ್ತಾಳೆಯ ದೀಪದ ಕೆಳಗೆ, ಒಂದು ಉದ್ದನೆಯ ರೈಫಲ್. ಗುಲ್ ರೆಹಮಾನ್ ಬಿಡ್ ವಾಪಸ್ ಪಡೆದ ನಾಲ್ಕರಲ್ಲಿ ಒಂದನ್ನು, ಅವರನ್ನು ಹೊರಗೆ ಹಾಕಿದ ಮೇಲೆ, ಅರ್ಬಾಬರ ಆಫೀಸಿನವರು ನಮ್ಮಿಂದಲೇ ಕೊಂಡು ತಂದಿದ್ದರು. ಆ ಅತಿಥಿಗಳು ಅದನ್ನು ನೋಡಲೆಂದೇ ಬಂದವರು.

ಅರ್ಬಾಬರು ನಿಧಾನವಾಗಿ ಎದ್ದು ಅದನ್ನು ಇಳಿಸಿ ತಾವೇ ಎತ್ತಿಕೊಂಡು ಬಂದು ಗುಲ್ ರೆಹಮಾನರ ಕೈಯಲ್ಲಿ ಇಟ್ಟರು.

"ಗುಲ್, ನೀನೇ ಹೇಳು. ಇದು ಇಂಗ್ಲಿಷಾ?"

ಗುಲ್ ರೆಹಮಾನ್ ರೈಫಲನ್ನು ಮಗುಚಿ ಬಳೆಯ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಸಲ, ಇನ್ನೊಂದು ಸಲ. ಆ ಬೆರಳು ಆ ಗೆರೆಗಳನ್ನು ಗುರುತು ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ಅವರು ಅತಿಥಿಗಳ ಕಡೆ ನೋಡಿದರು. ಆಮೇಲೆ ಆ ಮುದುಕರ ಕಡೆ ನೋಡಿದರು. ಮುದುಕರ ಗಡ್ಡ ಅದುರುತ್ತಿತ್ತು.

"ಇಂಗ್ಲಿಷ್, ಅರ್ಬಾಬ್" ಎಂದರು. "ಒಳ್ಳೆ ಮಾಲು. ಫೋಟೋದಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ನನ್ನದೇ ತಪ್ಪು."

ಯಾರೋ "ಮಾಶಾಲ್ಲಾ" ಎಂದರು. ಮಾತು ಮತ್ತೆ ಶುರುವಾಯಿತು. ಅರ್ಬಾಬರು ನನ್ನ ಪತ್ರವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು. "ನಿಮ್ಮ ಪತ್ರದಲ್ಲಿ ತಪ್ಪಿದೆ, ಮೇಡಂ" ಎಂದರು. ಮರ್ಯಾದೆಯಿಂದಲೇ ಹೇಳಿದರು.

ಗೇಟಿನ ಹೊರಗೆ ಬಂದು ನಾನು ಗುಲ್ ರೆಹಮಾನರಿಗೆ ಬಾಯಿಗೆ ಬಂದ ಹಾಗೆ ಬೈದೆ. ನಿಮಗೋಸ್ಕರ ನಾನು ಕೆಲಸ ಒತ್ತೆ ಇಟ್ಟು ಬಂದರೆ ನನ್ನನ್ನೇ ಸುಳ್ಳಿ ಮಾಡಿದಿರಿ, ನಿಮಗೆ ಬೇಕಾದದ್ದು ನಿಮ್ಮ ಹೆಸರು ತಾನೇ, ಅದನ್ನು ನೀವೇ ಮಣ್ಣುಪಾಲು ಮಾಡಿಕೊಂಡಿರಲ್ಲ ಎಂದೆ. ಅವರು ಬಿಸಿಲಿನಲ್ಲಿ ನಿಂತು ಪೂರ್ತಿ ಕೇಳಿದರು.

"ಹನ್ನೊಂದು ವರ್ಷ ಅವರ ಮನೆಯಲ್ಲಿ ಊಟ ಮಾಡಿದೆ, ಬೆಹೆನ್‌ಜೀ. ಅವರ ಮನೆಯಲ್ಲೇ, ಅವರ ಮೆಹಮಾನರ ಮುಂದೆ, ನೀವು ಮೋಸ ಹೋದಿರಿ ಅಂತ ಹ್ಯಾಗೆ ಹೇಳಲಿ? ಅವರು ಒಬ್ಬರೇ ಇರುವಾಗ ನೀವು ಕೇಳಿಸಿದ್ದರೆ ಹೇಳ್ತಿದ್ದೆ."

ಆ ಹಜಾರದಲ್ಲಿ ಬಾಯಿ ಹಾಕಿದವಳು ನಾನು. ಮೊದಲ ಸಲ ನೋಡದೆ ಸಹಿ ಹಾಕಿ ಅವರನ್ನು ಕೆಡಿಸಿದೆ, ಎರಡನೆಯ ಸಲ ಯಾರಿದ್ದಾರೆಂದು ನೋಡದೆ ಸತ್ಯ ಹೇಳಿ ಕೆಡಿಸಿದೆ.

ನಾಲ್ಕು ದಿನದಲ್ಲಿ ಗುಲ್ ರೆಹಮಾನರ ವೀಸಾ ಕ್ಯಾನ್ಸಲ್ ಮಾಡುವ ಅರ್ಜಿ ವಾಪಸ್ಸಾಯಿತು. ಅರ್ಬಾಬರು ತಾವೇ ಕಾರು ಕಳಿಸಿ ಗ್ಯಾರೇಜಿನಿಂದ ಕರೆಸಿಕೊಂಡರಂತೆ. ನಿಜ ಹೇಳಿದ್ದಕ್ಕೆ ಹೋದ ಕೆಲಸ ಸುಳ್ಳು ಹೇಳಿದ ಮೇಲೆ ವಾಪಸ್ ಬಂತು. ನನ್ನ ಪತ್ರದ ಸುದ್ದಿ ಆಫೀಸಿಗೆ ಹೇಗೋ ತಲುಪಿತ್ತು. ಶ್ರೀವತ್ಸ ನನ್ನನ್ನು ಕರೆದು, ಕೂರಿಸಿ, ನೀರು ಕೊಟ್ಟು, "ಪಾರ್ಟಿನೇ ಇಂಗ್ಲಿಷ್ ಅಂತ ಒಪ್ಕೊಂಡಿದಾರಂತೆ. ನಿಮ್ಗೂ ವಯಸ್ಸಾಯ್ತು, ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದರು. ನನ್ನ ನಿವೃತ್ತಿ ಐದು ತಿಂಗಳು ಮೊದಲೇ ಬಂತು. ಬೀಳ್ಕೊಡುಗೆಯಲ್ಲಿ ಕೇಕ್ ಕತ್ತರಿಸಿದರು. ನಾನು ತಿನ್ನಲಿಲ್ಲ. ಆ ಮಾರಾಟಗಾರನ ಉಳಿದ ರೈಫಲ್‌ಗಳೂ ಇಂಗ್ಲಿಷ್ ಎಂದೇ ಮಾರಾಟವಾದವು ಎಂದು ಆಮೇಲೆ ಕೇಳಿದೆ.

ಹೋದ ತಿಂಗಳು ಗುಲ್ ರೆಹಮಾನ್ ಫೋನ್ ಮಾಡಿದ್ದರು. ಈದ್ ಶುಭಾಶಯ ಹೇಳಲು. ಈಗ ಬಿಡ್ ಹಾಕುವ ಕೆಲಸ ಅವರಿಗಿಲ್ಲ, ಹಾಕುವಂತೆಯೂ ಇಲ್ಲ, ಯಾವ ಹರಾಜಿನವರೂ ಅವರನ್ನು ಒಳಗೆ ಬಿಡುವುದಿಲ್ಲ. ಬಂದೂಕುಗಳ ಧೂಳು ಒರೆಸುತ್ತಾರೆ, ಎಣ್ಣೆ ಹಚ್ಚುತ್ತಾರೆ. ಎಲ್ಲ ಮುಗಿದ ಮೇಲೆ ಕೊನೆಗೆ ಚಾಚಾನ ಬಂದೂಕು, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದರು.

"ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಉಂಟು, ಭಾಯಿ" ಎಂದೆ. "ಮೋಸಗಾರ ಅಂತಲೇ ಉಂಟು. ನಾನು ಈಗಲೂ ಪತ್ರ ಬರೀತಾ ಇದ್ದೇನೆ, ಯಾರೂ ಉತ್ತರ ಕೊಡುವುದಿಲ್ಲ."

"ಬಿಡಿ ಬೆಹೆನ್‌ಜೀ" ಎಂದರು ಅವರು. "ಆ ಪಟ್ಟಿ ಯಾರು ಓದ್ತಾರೆ?"

ನಾನು ಓದುತ್ತೇನೆ. ಅವರ ಹೆಸರು ಇದೆ, ಮೂರು ವಾಕ್ಯ ಇದೆ, ಅದರ ಕೆಳಗಿನ ಸಹಿ ನನ್ನದು.